ನನ್ನೆತ್ತರದ ಮೇಣದ ಬತ್ತಿ

ಬಜ್ಪೆ ವಿಮಾನ ನಿಲ್ದಾಣದ ಬಾಗಿಲಿನಿಂದ ಹೊರಬಂದವರನ್ನು ಮನೆಯವರು ಅಪ್ಪಿಕೊಳ್ಳುತ್ತಾರೆ, ಕೆಲವರು ಅಳುತ್ತಾರೆ, ಮಕ್ಕಳು ಸೂಟ್‌ಕೇಸಿನ ಮೇಲೆ ಹತ್ತಿ ಕೂರುತ್ತಾರೆ. ನನ್ನಮ್ಮ ನನ್ನನ್ನು ನೂಲಿನಲ್ಲಿ ಅಳೆದಳು.

"ಚಪ್ಪಲಿ ತೆಗೆದು ನೆಟ್ಟಗೆ ನಿಲ್ಲು" ಎಂದಳು, ಹೇಗಿದ್ದೀ ಎಂದು ಕೇಳುವ ಮೊದಲೇ. ಅವಳ ಕೈಯಲ್ಲಿ ಬಿಳಿ ನೂಲಿನ ಉಂಡೆ ಇತ್ತು. ಎರಡೂ ಮೊಣಕಾಲು ಸವೆದ ಅವಳಿಗೆ ಬಗ್ಗಲು ಆಗುವುದಿಲ್ಲ. ಆದ್ದರಿಂದ ನೂಲಿನ ಕೆಳತುದಿಯನ್ನು ನನ್ನ ಹಿಮ್ಮಡಿಯ ಹತ್ತಿರ ಹಿಡಿದವರು ಕಾಕ. ಮೂಡುಬಿದಿರೆಯ ಈ ಬ್ಯಾರಿ ಮುಸ್ಲಿಂ ಡ್ರೈವರ್ ನಾನು ಮಸ್ಕತ್ತಿಗೆ ಹೋಗಲು ಶುರುಮಾಡಿದಂದಿನಿಂದ ನನ್ನನ್ನು ವಿಮಾನಕ್ಕೆ ಬಿಡುವವರು, ಕರೆತರುವವರು. ಮೇಲಿನ ತುದಿಯನ್ನು ನನ್ನ ನೆತ್ತಿಗೆ ಒತ್ತಲು ಕುಳ್ಳಗಿನ, ಭುಜವೂ ಸೋತ ಅಮ್ಮನ ಕೈ ಎಟುಕಲಿಲ್ಲ, ಅದನ್ನು ನಾನೇ ಹಿಡಿದುಕೊಂಡೆ. ಟ್ಯಾಕ್ಸಿಯವರು ಮಾತು ನಿಲ್ಲಿಸಿ ನೋಡುತ್ತಿದ್ದರು. ಸೆಕ್ಯೂರಿಟಿಯವನು ಹತ್ತಿರ ಬಂದು ನೂಲು ನೋಡಿದ, ಅಮ್ಮನ ಮುಖ ನೋಡಿದ, ಏನೂ ಕೇಳದೆ ಹಿಂದೆ ಹೋದ. ಎಂಟನೆಯ ತರಗತಿಗೆ ಗಣಿತ ಕಲಿಸುವ, ಮಕ್ಕಳು ಹೆದರುವ, ನಲವತ್ತನಾಲ್ಕು ವರ್ಷದ ಟೀಚರಾದ ನಾನು ಬರಿಗಾಲಿನಲ್ಲಿ ನಿಂತು ಹಲ್ಲು ಕಚ್ಚಿದೆ.

ವಿಷಯ ಇಷ್ಟು. ನಾನು ಮೂರೂವರೆ ವರ್ಷವಾದರೂ ನಡೆದಿರಲಿಲ್ಲ. ಕೂರುತ್ತಿದ್ದೆ, ತೆವಳುತ್ತಿದ್ದೆ, ಬಾಯಿ ಮಾತ್ರ ಊರಿಗೆಲ್ಲ ಕೇಳುತ್ತಿತ್ತಂತೆ. ನಾರಾವಿಯಿಂದ ಅಮ್ಮ ನನ್ನನ್ನು ಸೊಂಟದಲ್ಲಿ ಹೊತ್ತು ಬಸ್ಸು ಬದಲಿಸಿ ಬದಲಿಸಿ ಬಂಟ್ವಾಳದ ಒಬ್ಬ ಡಾಕ್ಟರರಿಗೆ ತೋರಿಸಲು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅಲ್ಲಿಂದ ಮರಳುವಾಗ ಬಿಸಿಲು ತಾಳಲಾರದೆ ಹಳೆಯ ಇಗರ್ಜಿಯ, ಅಂದರೆ ಚರ್ಚಿನ, ಜಗಲಿಯಲ್ಲಿ ಕೂತಳು. ಪಕ್ಕದಲ್ಲಿ ಕೂತಿದ್ದ ಯಾರೋ ಒಬ್ಬ ಹೆಂಗಸು, ಮಗು ಎದ್ದು ನಡೆದರೆ ಅದರ ಎತ್ತರದ ಮೇಣದ ಬತ್ತಿ ಕೊಡುತ್ತೇನೆಂದು ಒಳಗಿನ ಮಾತೆಗೆ ಹೇಳಿಕೋ ಎಂದಳಂತೆ. ಅಮ್ಮ ಹೇಳಿಕೊಂಡಳು. ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಇಲ್ಲ. ಮನೆಯಲ್ಲಿ ದೈವ ಭೂತಕ್ಕೆ ಎಡೆ ಇಡುವವರೇ ದರ್ಗಾಕ್ಕೂ ಹೇಳಿಕೊಳ್ಳುತ್ತಾರೆ, ಇಗರ್ಜಿಗೂ ಹೇಳಿಕೊಳ್ಳುತ್ತಾರೆ. ಎರಡು ತಿಂಗಳಲ್ಲಿ ನಾನು ಗೋಡೆ ಹಿಡಿದು ನಿಂತೆ, ಆಮೇಲೆ ನಡೆದೆ, ಆಮೇಲೆ ಓಡಿದೆ.

ಹರಕೆ ಮಾತ್ರ ಮುಂದೆ ಹೋಗುತ್ತಾ ಬಂತು. ಮೊದಲ ವರ್ಷ ತಂಗಿ ಹುಟ್ಟಿದಳು. ಮರುವರ್ಷ ಗದ್ದೆ ಕೆಲಸ. ಅಪ್ಪ ಪ್ರತಿ ಸಲವೂ ಬರುವ ವರ್ಷ ಹೋಗುವ ಅನ್ನುತ್ತಿದ್ದರು. ಅಷ್ಟರಲ್ಲಿ ನಾನು ಬೆಳೆಯಲು ಹಿಡಿದೆ. ಸೊಂಟದೆತ್ತರದ ಮಗುವಿಗೆ ಹೇಳಿಕೊಂಡ ಬತ್ತಿ ಕಿಟಕಿಯೆತ್ತರವಾಯಿತು, ಅಮ್ಮನ ಭುಜದೆತ್ತರವಾಯಿತು. ಹೈಸ್ಕೂಲಿಗೆ ಬರುವಾಗ ಕ್ಲಾಸಿನಲ್ಲಿ ನನ್ನಷ್ಟು ಉದ್ದ ಯಾರೂ ಇರಲಿಲ್ಲ. "ಹರಕೆ ತಡ ಮಾಡಿದ್ದಕ್ಕೆ ಮಾತೆ ನಿನ್ನನ್ನು ಎಳೀತಾ ಇದ್ದಾಳೆ" ಎಂದು ಅಮ್ಮ ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಹೇಳುತ್ತಿದ್ದಳು. ಮದುವೆ ಆಯಿತು, ನಾನು ಗಲ್ಫಿಗೆ ಹೋದೆ, ಆರು ವರ್ಷದ ಹಿಂದೆ ಅಪ್ಪ ತೀರಿಕೊಂಡರು, ಅಮ್ಮ ಮೂಡುಬಿದಿರೆಯಲ್ಲಿ ತಂಗಿಯ ಜೊತೆ ಇರತೊಡಗಿದಳು. ಹರಕೆ ಹಾಗೆಯೇ ಉಳಿಯಿತು.

ಎರಡು ವರ್ಷದ ಹಿಂದೆ ಮಂಗಳೂರಿನ ಡಾಕ್ಟರರು ಅಮ್ಮನ ಮೊಣಕಾಲಿನ ಚಿತ್ರ ನೋಡಿ, ಆಪರೇಷನ್ ಮಾಡದಿದ್ದರೆ ಇನ್ನು ಸ್ವಲ್ಪ ಸಮಯದಲ್ಲಿ ನಡೆಯುವುದೇ ನಿಲ್ಲುತ್ತದೆ ಎಂದರು. ಅಮ್ಮ ಒಪ್ಪಲಿಲ್ಲ. "ನಿನ್ನ ಕಾಲಿನ ಹರಕೆ ತೀರಿಸದೆ ನನ್ನ ಕಾಲಿಗೆ ಎಂತ ಕೇಳುವುದು? ಮರ್ಯಾದೆ ಬೇಡ್ವಾ?" ಎಂದು ಪಟ್ಟು ಹಿಡಿದಳು. ತಂಗಿ ಹೇಳಿದಳು, ನಾನು ಫೋನಿನಲ್ಲಿ ಜಗಳವಾಡಿದೆ, ಡಾಕ್ಟರರು ಗದರಿದರು. ಅವಳು ಜಗ್ಗಲಿಲ್ಲ. ಕೊನೆಗೆ ಮಾರ್ಚ್ ಕೊನೆಯ ರಜೆಯಲ್ಲಿ ಒಂಬತ್ತು ದಿನಕ್ಕೆ ಟಿಕೆಟ್ ಮಾಡಿದೆ. ಬಂದು ಆ ಬತ್ತಿ ಹಚ್ಚಿ, ಅವಳ ನೆಪವನ್ನು ಮುಗಿಸಿ ಹೋಗುವುದು, ಮೇ ರಜೆಯಲ್ಲಿ ತಂಗಿ ಆಪರೇಷನ್ ಮಾಡಿಸುವುದು. ಲೆಕ್ಕದ ಟೀಚರು ಹಾಕಿದ ಯೋಜನೆ, ತಪ್ಪು ಎಲ್ಲಿಂದ ಬರಬೇಕು?

"ಮನೆಗೆ ಹೋಗಿ ಸ್ನಾನ ಮಾಡಿ ನಾಳೆ ಹೋಗುವ ಅಮ್ಮ" ಎಂದೆ ಕಾರು ಹತ್ತುವಾಗ.

"ಮನೆಗೆ ಕಾಲಿಟ್ಟರೆ ನೀನು ಸಿಗ್ತೀಯಾ? ಅತ್ತೆ ಮನೆ, ಮಾವನ ಮನೆ, ಬಟ್ಟೆ ಅಂಗಡಿ. ಹೊಸ್ತಿಲು ದಾಟುವ ಮೊದಲು ಇದು ಮುಗಿಯಬೇಕು. ನೀವು ನೇರ ಬಂಟ್ವಾಳಕ್ಕೆ ಬಿಡಿ" ಎಂದು ಕಾಕನಿಗೆ ಹೇಳಿದಳು. ಕಾಕ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. ಗುಡ್ಡದ ಮೇಲಿನ ನಿಲ್ದಾಣದಿಂದ ತಿರುವು ತಿರುವಾಗಿ ಇಳಿದು ಬಜ್ಪೆ ಪೇಟೆ ದಾಟಿದೆವು. ಕೈಕಂಬದಲ್ಲಿ ಮನೆಯ ದಾರಿ ಒಂದು ಕಡೆಗೆ ಹೋಯಿತು, ನಾವು ಪೊಳಲಿಯ ಕಡೆಗೆ ತಿರುಗಿದೆವು.

ನನಗೆ ವಿಪರೀತ ಹಸಿವಾಗಿತ್ತು. ವಿಮಾನದಲ್ಲಿ ಕೊಟ್ಟದ್ದು ತಿನ್ನುವ ಹಾಗಿರಲಿಲ್ಲ. ರಸ್ತೆ ಬದಿಯ ಹೋಟೆಲಿನಲ್ಲಿ ಆಗಷ್ಟೇ ಎಣ್ಣೆಯಿಂದ ತೆಗೆದ ಬನ್ಸ್ ಜರಡಿಯಲ್ಲಿ ರಾಶಿ ಬಿದ್ದಿರುವುದು ಕಾರಿನಿಂದಲೇ ಕಾಣುತ್ತಿತ್ತು. "ಕಾಕ, ಒಮ್ಮೆ ನಿಲ್ಲಿಸಿ" ಎಂದೆ.

"ಹರಕೆಗೆ ಹೋಗುವಾಗ ತಿನ್ನುವುದುಂಟಾ ಮಾರಾಯ್ತಿ?" ಎಂದಳು ಅಮ್ಮ.

"ಇಗರ್ಜಿಗೆ ಉಪವಾಸ ಬರಬೇಕೆಂದು ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ನನ್ನ ಲೆಕ್ಕದಲ್ಲಿ ಉಂಟು."

ಕಾಕ ಇಬ್ಬರ ನಡುವೆ ಸಿಕ್ಕಿಕೊಳ್ಳುವ ಮನುಷ್ಯರಲ್ಲ, ಕಾರು ನಿಲ್ಲಲಿಲ್ಲ. ನಾನು ಮುಖ ಊದಿಸಿ ಕಿಟಕಿಯ ಹೊರಗೆ ನೋಡುತ್ತಾ ಕೂತೆ. ಹೊಳೆ ದಾಟಿ ಪೊಳಲಿ ಕಳೆದ ಮೇಲೆ ಅಮ್ಮ ಮೆಲ್ಲ ನನ್ನ ಕೈ ಎಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ನಾನು ಸಿಟ್ಟಿನಲ್ಲಿದ್ದರೂ ಕೈ ಹಿಂದೆ ತೆಗೆಯಲಿಲ್ಲ.

ಬತ್ತಿ ಮಾಡುವ ಮನೆ ಇಗರ್ಜಿಯ ಗೇಟಿನಿಂದ ಸ್ವಲ್ಪ ಕೆಳಗಿತ್ತು. ಅಲ್ಲಿದ್ದವರು ಎಪ್ಪತ್ತರ ಆಸುಪಾಸಿನ ಹೆಂಗಸು, ಕೊಂಕಣಿ ಮಾತಾಡುವ ಕ್ರೈಸ್ತರು. ಅಮ್ಮ ಅವರನ್ನು ಬಾಯಮ್ಮ ಎಂದು ಕರೆದಳು, ನಾನೂ ಹಾಗೆಯೇ ಕರೆದೆ. ಹದಿನೈದು ದಿನ ಮೊದಲೇ ಅಮ್ಮ ಫೋನು ಮಾಡಿಸಿ ಬತ್ತಿಗೆ ಹೇಳಿದ್ದಳು. ಬಾಯಮ್ಮ ಒಳಗಿನಿಂದ ಅದನ್ನು ಮಗುವನ್ನು ತರುವ ಹಾಗೆ ಎರಡೂ ಕೈಯಲ್ಲಿ ಎತ್ತಿ ತಂದರು. ಮಣಿಕಟ್ಟಿನಷ್ಟು ದಪ್ಪ, ಹಳದಿ ಬಣ್ಣ, ಚೆಂದವಿತ್ತು. ಅಳತೆಯ ನೂಲನ್ನು ಬತ್ತಿಗೆ ಸುತ್ತಿ ಕೊಡುವುದು ಕ್ರಮ. ಸುತ್ತುವ ಮೊದಲು ಅಮ್ಮ ನೂಲನ್ನು ಬತ್ತಿಯ ಉದ್ದಕ್ಕೆ ಇಟ್ಟು ನೋಡಿದಳು. ನೂಲು ಎರಡು ಇಂಚು ಹೆಚ್ಚಿತ್ತು.

"ಬಾಯಮ್ಮ, ಇದು ಗಿಡ್ಡ ಉಂಟಲ್ಲ."

"ಅಯ್ಯೋ ದೇವಾ, ನೀವು ಹೇಳಿದ್ದು ಐದು ಅಡಿ ನಾಲ್ಕು ಇಂಚು. ನಾನು ಬರೆದಿಟ್ಟಿದ್ದೇನೆ, ನೋಡಿ."

ಅಮ್ಮ ನನ್ನತ್ತ ತಿರುಗಿದಳು. "ನೀನೇ ಅಲ್ವಾ ವಾಟ್ಸಾಪಿನಲ್ಲಿ ಐದು ನಾಲ್ಕು ಅಂತ ಬರೆದದ್ದು? ಲೆಕ್ಕದ ಟೀಚರಂತೆ!"

ನನಗೆ ನೆನಪಾಗಿ ನಗು ತಡೆಯಲಾಗಲಿಲ್ಲ. ನನಗೆ ಗಂಡು ಹುಡುಕುವ ಕಾಲದಲ್ಲಿ ಬಂದವರೆಲ್ಲ ನನಗಿಂತ ಕುಳ್ಳು. ಹುಡುಗಿ ತುಂಬ ಉದ್ದವಾಯಿತೆಂದು ಎರಡು ಸಂಬಂಧ ತಪ್ಪಿದ ಮೇಲೆ, ಜಾತಕದ ಜೊತೆ ಕಳಿಸುವ ಕಾಗದದಲ್ಲಿ ಐದು ಅಡಿ ಆರು ಇಂಚನ್ನು ಐದು ನಾಲ್ಕು ಮಾಡಿದವಳು ಅಮ್ಮನೇ. ಹೆಣ್ಣು ನೋಡಲು ಬಂದ ದಿನ ನನ್ನನ್ನು ನಿಲ್ಲಲು ಬಿಡದೆ ಕೂರಿಸಿಯೇ ಇಟ್ಟವಳೂ ಅವಳೇ. ಆವತ್ತಿನಿಂದ ಎಲ್ಲ ಕಾಗದಗಳಲ್ಲಿ ಅದನ್ನೇ ಬರೆದು ಬರೆದು, ನನ್ನ ಎತ್ತರ ಅದೇ ಎಂದು ನಾನೂ ನಂಬಿದ್ದೆ. ಇದನ್ನು ಹೇಳಿದಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಯಮ್ಮ ನಗುತ್ತಾ ಗೋಡೆಗೆ ಒರಗಿದರು.

"ಇರಲಿ ಬಿಡಿ, ಎರಡು ಇಂಚಲ್ವಾ" ಎಂದೆ.

"ಇರಲಿ ಅಂದರೆ ಹೇಗೆ? ಗಂಡಿನವರಿಗೆ ಸುಳ್ಳು ಹೇಳಿದ್ದು ಬೇರೆ. ಇಲ್ಲಿ ಆಗುವುದಿಲ್ಲ."

ಬಾಯಮ್ಮನೇ ದಾರಿ ತೋರಿಸಿದರು. "ತಲೆಗೆ ಸೇರಿಸಲಿಕ್ಕೆ ಆಗುವುದಿಲ್ಲ, ಉರಿಯುವುದು ಅಲ್ಲಿ. ಕಾಲಿಗೆ ಸೇರಿಸುವ. ಅರ್ಧ ಗಂಟೆ ಕೂತುಕೊಳ್ಳಿ." ಅವರು ಮೇಣ ಕರಗಿಸಿ ಒಂದು ಡಬ್ಬಿಯಲ್ಲಿ ಹೊಯ್ದು ಬತ್ತಿಯನ್ನು ಅದರಲ್ಲಿ ನಿಲ್ಲಿಸಿದರು. ಗಟ್ಟಿಯಾಗುವವರೆಗೆ ಅಲುಗದಂತೆ ಹಿಡಿದು ನಿಲ್ಲಬೇಕಿತ್ತು. ನಾನು ಹಿಡಿದೆ, ಕೈ ಸೋತಾಗ ಕಾಕ ಹಿಡಿದರು. ಹಸಿದ ಹೊಟ್ಟೆಯಲ್ಲಿ ಬಿಸಿ ಮೇಣದ ವಾಸನೆಗೆ ನನಗೆ ತಲೆ ತಿರುಗುತ್ತಿತ್ತು. ಅಮ್ಮ ಕುರ್ಚಿಯಲ್ಲಿ ಕೂತು, ಇನ್ನೂ ಒಣಗಲಿಲ್ಲ, ಇನ್ನೂ ಒಣಗಲಿಲ್ಲ ಎಂದು ನಿಧಾನಕ್ಕೆ ಹೇಳುತ್ತಿದ್ದಳು. ಅವಳಿಗೆ ಅವಸರವೇ ಇದ್ದಂತಿರಲಿಲ್ಲ. ಅದು ಆಗಲೇ ನನ್ನ ಗಮನಕ್ಕೆ ಬರಬೇಕಿತ್ತು.

ಇಗರ್ಜಿ ಎಷ್ಟು ಹಳೆಯದೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಶತಮಾನ ಹೇಳುತ್ತಾರೆ. ಮುರಕಲ್ಲಿನ ದಪ್ಪ ಗೋಡೆ, ಹೆಂಚಿನ ಮಾಡು, ಆನೆ ಹೋಗುವಷ್ಟು ಎತ್ತರದ ಮರದ ಬಾಗಿಲು. ಮುಂದೆ ಹನ್ನೊಂದು ಮೆಟ್ಟಿಲು. ಅಮ್ಮ ಅಡ್ಡ ತಿರುಗಿ, ಏಡಿಯ ಹಾಗೆ, ಒಂದು ಮೆಟ್ಟಿಲಿಗೆ ಎರಡೂ ಪಾದ ಇಟ್ಟು ಹತ್ತುತ್ತಾಳೆ. ಮೂರಕ್ಕೊಮ್ಮೆ ನಿಂತಳು. ಹಿಡಿಯಲು ಹೋದ ನನಗೆ "ನೀನು ಬತ್ತಿ ಹಿಡಿ" ಎಂದಳು. ಅವಳ ಮೇಲ್ತುಟಿಯಲ್ಲಿ ಬೆವರು ಕಾಣುತ್ತಿತ್ತು. ಫೋನಿನಲ್ಲಿ ನಾನು ನೋಡುತ್ತಿದ್ದದ್ದು ಅವಳ ಮುಖ ಮಾತ್ರ. ಅವಳು ಮೆಟ್ಟಿಲು ಹತ್ತುವುದನ್ನು ಎರಡು ವರ್ಷದಿಂದ ನಾನು ಕಂಡೇ ಇರಲಿಲ್ಲ.

ಒಳಗೆ ತಂಪಾಗಿತ್ತು, ಯಾರೂ ಇರಲಿಲ್ಲ. ನೆಲದಲ್ಲಿ ಹಳೆಯ ಸಮಾಧಿಗಳ ಕಲ್ಲು, ಅಕ್ಷರಗಳು ತುಳಿದು ತುಳಿದು ಸವೆದಿದ್ದವು. ಮಾಡಿನ ಗಾಜಿನ ಹೆಂಚಿನಿಂದ ಬಿಸಿಲು ಚೌಕವಾಗಿ ಬೆಂಚುಗಳ ಮೇಲೆ ಬಿದ್ದಿತ್ತು. ನಾನು ಬತ್ತಿ ಹಿಡಿದು ಮುಂದೆ ಹೋದೆ. ಹಿಂದಿನಿಂದ ಅಮ್ಮ "ಅಯ್ಯೋ" ಎಂದಳು. ಮಾತೆಯ ಮೂರ್ತಿಗೆ ತಲೆಯಿಂದ ಕಾಲಿನವರೆಗೆ ನೇರಳೆ ಬಟ್ಟೆ ಹೊದಿಸಿದ್ದರು. ಎಲ್ಲ ಮೂರ್ತಿಗಳಿಗೂ ಹಾಗೆಯೇ.

ನಮ್ಮ ಜೊತೆ ಬಂದಿದ್ದ ಬಾಯಮ್ಮ ಹಣೆ ಚಚ್ಚಿಕೊಂಡರು. ಈಸ್ಟರಿನ ಮುಂಚಿನ ತಪಸ್ಸುಕಾಲದ ಕೊನೆಯ ಎರಡು ವಾರ ಮೂರ್ತಿಗಳನ್ನು ಮುಚ್ಚುತ್ತಾರಂತೆ, ಅವರಿಗೆ ಅದನ್ನು ಹೇಳಲು ಮರೆತುಹೋಗಿತ್ತು. ಇಷ್ಟು ವರ್ಷ ಬಿಟ್ಟು ಬರುವಾಗ ನಾವು ಸರಿಯಾಗಿ ಆ ಎರಡು ವಾರವನ್ನೇ ಹುಡುಕಿ ಬಂದಿದ್ದೆವು.

"ಹಾಗಾದರೆ ಇವತ್ತು ಬೇಡ. ಬಟ್ಟೆ ತೆಗೆದ ಮೇಲೆ ಬರುವ" ಎಂದಳು ಅಮ್ಮ. ಅವಳ ದನಿಯಲ್ಲಿ ಬೇಸರಕ್ಕಿಂತ ಸಮಾಧಾನವೇ ಹೆಚ್ಚು ಕೇಳಿಸಿತು.

"ಕಣ್ಣು ಮುಚ್ಚಿದರೆ ಎಂತಾಯ್ತು, ಕಿವಿ ಕೇಳ್ತದಲ್ಲ?" ಎಂದರು ಬಾಯಮ್ಮ. "ಹಚ್ಚಿ. ನಾನು ಹೇಳ್ತೇನೆ, ಸಲ್ಲುತ್ತದೆ."

ಪಕ್ಕದ ಬಾಗಿಲಿನ ಹೊರಗೆ, ಜಗಲಿಯಲ್ಲಿ, ಮರಳು ತುಂಬಿದ ಕಬ್ಬಿಣದ ತೊಟ್ಟಿ ಇತ್ತು. ಬತ್ತಿಯ ಕಾಲನ್ನು ಮರಳಿನಲ್ಲಿ ಊರಿ ನಿಲ್ಲಿಸಿದೆವು. ನಾನು ಪಕ್ಕದಲ್ಲಿ ನಿಂತು, ಮತ್ತೊಮ್ಮೆ ಚಪ್ಪಲಿ ತೆಗೆದು, ಅಳತೆ ಒಪ್ಪಿಸಿದೆ. ಅಮ್ಮನ ಕೈಗೆ ಬೆಂಕಿಪೆಟ್ಟಿಗೆ ಕೊಟ್ಟರೆ ಅವಳಿಗೆ ತುದಿ ಎಟುಕಲಿಲ್ಲ. ಬಾಯಮ್ಮ ಒಂದು ಸಣ್ಣ ಬತ್ತಿ ಹಚ್ಚಿ ಅವಳ ಕೈಗೆ ಕೊಟ್ಟರು, ನಾನು ಅವಳ ಮೊಣಕೈ ಎತ್ತಿ ಹಿಡಿದೆ. ನನ್ನ ತಲೆಯ ಎತ್ತರದಲ್ಲಿ ಜ್ವಾಲೆ ಹತ್ತಿತು. ದೇವರ ವಿಷಯದಲ್ಲಿ ನಾನು ಹೆಚ್ಚು ತಲೆಕೆಡಿಸಿಕೊಳ್ಳುವವಳಲ್ಲ. ಆದರೂ ಜ್ವಾಲೆ ನೆಟ್ಟಗಾಗುವವರೆಗೆ ಅವಳ ಮೊಣಕೈ ಬಿಡಲಿಲ್ಲ.

ಬಾಯಮ್ಮ ತಮ್ಮ ಕೆಲಸಕ್ಕೆ ಹೋದರು. ಅಮ್ಮ ಜಗಲಿಯ ಕಟ್ಟೆಯಲ್ಲಿ ಕೂತಳು. ನಾನು ಫೋನು ತೆಗೆದೆ. "ಆಯ್ತಲ್ಲ ಅಮ್ಮ? ತಂಗಿಗೆ ಹೇಳ್ತೇನೆ, ಮೇ ತಿಂಗಳಿಗೆ ಡೇಟ್ ಹಾಕಿಸಲಿ."

"ಸ್ವಲ್ಪ ತಾಳು. ಚಾರ್ಮಾಡಿಯ ಹತ್ತಿರ ಇನ್ನೊಂದು ಹರಕೆ ಉಂಟು. ಅದು ತಂಗಿಗೆ ಜ್ವರ ಬಂದಾಗ ಹೇಳಿಕೊಂಡದ್ದು."

ನನ್ನ ಪಿತ್ತ ನೆತ್ತಿಗೇರಿತು. ಇಗರ್ಜಿ ಎಂಬುದನ್ನೂ ಮರೆತು ಕೂಗಿದೆ. "ಎಷ್ಟು ಹರಕೆ ಅಮ್ಮ ನಿನ್ನದು? ನಾನು ಸಮುದ್ರ ದಾಟಿ ಬಂದದ್ದು ನಿನ್ನ ಕಾಲಿಗೆ, ಈ ಮೇಣಕ್ಕಲ್ಲ! ನಡೆಯುವುದು ನಿಂತ ಮೇಲೆ ಎಂತ ಮಾಡ್ತೀ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ನಿನ್ನಪ್ಪ ಆಸ್ಪತ್ರೆಗೆ ನಡೆದುಕೊಂಡೇ ಹೋದದ್ದು. ಚಪ್ಪಲಿ ಹಾಕಿಕೊಂಡು, ತಾವೇ ಬಾಗಿಲು ತೆಗೆದು. ಚಪ್ಪಲಿ ಮಾತ್ರ ನಾನು ಚೀಲದಲ್ಲಿ ವಾಪಸು ತಂದೆ. ನನಗೆ ಹೆದರಿಕೆ ಆಗ್ತದೆ ಮಗಾ. ಹರಕೆ ಅಂದರೆ ನೀವು ಬೈತೀರಿ. ಹೆದರಿಕೆ ಅಂದರೆ ನೀವು ಕೇಳುವುದೇ ಇಲ್ಲ."

ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ ತಿಳಿಯದು. ಅವಳ ಪಕ್ಕದಲ್ಲಿ ಕೂತೆ. ಎರಡು ವರ್ಷದಲ್ಲಿ ನಾವು ಅವಳ ಮೊಣಕಾಲಿನ ಬಗ್ಗೆ ಎಷ್ಟು ಮಾತಾಡಿದ್ದೆವು! ಯಾವ ಡಾಕ್ಟರು, ಯಾವ ಆಸ್ಪತ್ರೆ, ಯಾವ ತಿಂಗಳು. ಹೆದರಿಕೆಯುಂಟಾ ಎಂದು ಒಬ್ಬರೂ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

"ನನ್ನನ್ನು ಹೊತ್ತುಕೊಂಡು ನಾರಾವಿಯಿಂದ ಬರುವಾಗ ನಿನಗೆ ಇಪ್ಪತ್ತನಾಲ್ಕು ವರ್ಷ. ಆಗ ಎಲ್ಲಿಂದ ಬಂತು ಧೈರ್ಯ?" ಎಂದು ಕೇಳಿದೆ.

"ಧೈರ್ಯ ಎಂತದು? ನೀನು ಒಳ್ಳೆ ಭಾರ ಇದ್ದೆ. ಎಲ್ಲಿಯಾದರೂ ಒಮ್ಮೆ ಕೆಳಗಿಟ್ಟರೆ ಸಾಕಿತ್ತು" ಎಂದಳು. ಇಬ್ಬರೂ ನಕ್ಕೆವು. ನಗುತ್ತಾ ನನಗೆ ಅಳು ಬಂತು, ಅದನ್ನು ಅವಳು ನೋಡಿದಳು.

"ಎಂತ ಮಾಡಿದರೆ ಹೆದರಿಕೆ ಕಡಿಮೆ ಆಗ್ತದೆ ಅಮ್ಮ?"

"ನೀನಿದ್ದರೆ ಆಗ್ತದೆ" ಎಂದಳು, ಯೋಚಿಸದೆ. "ತಂಗಿ ನೋಡ್ತಾಳೆ, ಇಲ್ಲ ಅಂತ ಅಲ್ಲ. ಆದರೆ ಮಂಪರು ಇಳಿದು ಕಣ್ಣು ಬಿಡುವಾಗ ನೀನು ಬೇಕು. ನೀನು ಬಾಯಿ ಜೋರು ಮಾಡ್ತೀಯಲ್ಲ, ನರ್ಸುಗಳು ಹೆದರ್ತಾರೆ."

"ಮತ್ತೆ ಮೊದಲೇ ಯಾಕೆ ಹೇಳಲಿಲ್ಲ?"

"ನೀನು ಒಂಬತ್ತು ದಿನ ಅಂತ ಹೇಳಿದೆ. ಟಿಕೆಟ್ ಮಾಡಿ ಆಯ್ತು ಅಂದೆ. ಅದರ ಮೇಲೆ ನಾನು ಎಂತ ಹೇಳುವುದು?"

ನಾನು ತಂಗಿಗೆ ಮಾಡಬೇಕೆಂದಿದ್ದ ಫೋನನ್ನು ಮಸ್ಕತ್ತಿಗೆ ಮಾಡಿದೆ. ನಮ್ಮ ಪ್ರಿನ್ಸಿಪಾಲರಿಗೆ ಏಪ್ರಿಲಿನಲ್ಲಿ ರಜೆ ಎಂಬ ಶಬ್ದ ಕೇಳಿದರೇ ಆಗುವುದಿಲ್ಲ, ಹೊಸ ತರಗತಿಗಳು ಶುರುವಾಗುವ ಸಮಯ. ಒಂದು ತಿಂಗಳು ಎಂದೆ. ಅವರು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ನನ್ನ ಜಾಗದಲ್ಲಿ ಬೇರೆಯವರನ್ನು ನೋಡಬೇಕಾದೀತು ಎಂದೂ ಹೇಳಿದರು. ನೋಡಿ ಎಂದೆ. ಅಷ್ಟು ಸುಲಭವಾಗಿ ಆ ಮಾತು ನನ್ನ ಬಾಯಿಂದ ಬಂದದ್ದು ನನಗೇ ಆಶ್ಚರ್ಯ. ಕೊನೆಗೆ ಅವರು ದನಿ ಇಳಿಸಿ, ಅಮ್ಮನನ್ನು ನೋಡಿಕೊಳ್ಳಿ, ಜಾಗದ ವಿಷಯ ಆಮೇಲೆ ಮಾತಾಡುವ ಎಂದರು. ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಕೂತಿದ್ದಳು.

ಹನ್ನೊಂದು ಮೆಟ್ಟಿಲು ಇಳಿಯುವಾಗ ಅವಳು ನನ್ನ ಭುಜ ಹಿಡಿದುಕೊಂಡಳು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎಂದು ಆವತ್ತು ನನಗೆ ಗೊತ್ತಾಯಿತು. ಕಾಕ ಕಾರಿನ ಬಾಗಿಲು ತೆಗೆದು ನಿಂತಿದ್ದರು.

"ಇನ್ನು ಮೂಡುಬಿದಿರೆಗೆ ಅಲ್ವಾ ಅಮ್ಮ?" ಎಂದು ಕೇಳಿದರು ಕಾಕ.

"ಅಲ್ಲ. ಮಂಗಳೂರಿಗೆ ಹೋಗುವ. ಡಾಕ್ಟರರು ಮಧ್ಯಾಹ್ನದವರೆಗೆ ಇರ್ತಾರೆ. ಇವತ್ತೇ ಕೇಳಿ ಬರುವ, ನಾಳೆ ನಾನು ಹೇಗಿರ್ತೇನೋ ನನಗೇ ನಂಬಿಕೆ ಇಲ್ಲ" ಎಂದಳು. ಸೀಟಿನಲ್ಲಿ ಕೂತು ಕಾಲುಗಳನ್ನು ಒಂದೊಂದಾಗಿ ಕೈಯಿಂದ ಎತ್ತಿ ಒಳಗೆ ಇಟ್ಟುಕೊಂಡಳು. "ಮೊದಲು ಇವಳಿಗೆ ಎಂತಾದರೂ ತಿನ್ನಿಸಿ. ನನಗೂ ಹಸಿವಾಗ್ತದೆ."

ಏಪ್ರಿಲಿನ ಎರಡನೆಯ ವಾರ ಎಡಗಾಲಿನ ಆಪರೇಷನ್ ಆಯಿತು. ಅವಳು ಕಣ್ಣು ಬಿಡುವಾಗ ನಾನು ಅಲ್ಲಿಯೇ ಇದ್ದೆ, ಬಾಯಿ ಜೋರು ಮಾಡುವ ಪ್ರಸಂಗ ಬರಲಿಲ್ಲ. ಮರುದಿನ ವ್ಯಾಯಾಮ ಮಾಡಿಸುವ ಹುಡುಗಿ ವಾಕರ್ ತಂದು ಅವಳನ್ನು ಎಬ್ಬಿಸಿ ನಿಲ್ಲಿಸಿದಳು. ಅಮ್ಮನ ಮುಖ ಬಿಳಿಚಿಕೊಂಡಿತ್ತು. ನಾನು ಓಡಿಹೋಗಿ ಸೊಂಟ ಹಿಡಿದೆ.

"ಬಿಡು" ಎಂದಳು. "ಹಿಡಿಯಬೇಡ. ನೀನು ಆ ಬಾಗಿಲಿನ ಹತ್ತಿರ ಹೋಗಿ ನಿಲ್ಲು. ನಾನೇ ಬರ್ತೇನೆ."